ಅಂಗೈಯಗಲ

ಮೊದಲು ಕೈ ತೊಳೆದುಕೊಂಡು ಬಾ, ರೂಫಸ್.
ಉಂಗುರ ತೆಗೆದಿಡು, ವಾಚನ್ನೂ.
ಮೇಜಿನ ಮೇಲೆ ಹಳೆಯ ದುಪ್ಪಟಿ ಹಾಸು,
ನೂರು ಸಲ ಒಗೆದು ಮೆತ್ತಗಾದದ್ದು.
ಹೆಗಲು ಹಿಡಿದು ಎತ್ತಬೇಡ,
ಅಡಿಗೆ ಎರಡೂ ಕೈ ಕೊಟ್ಟು ಎತ್ತು.
ಕಂಕುಳ ಹೊಲಿಗೆ ಈಗ ನನ್ನ ಮಂಡಿಯ ಹಾಗೆ,
ಯಾವ ಮೆಟ್ಟಿಲಲ್ಲಿ ಕೈಕೊಡುತ್ತದೋ ಹೇಳಲಾಗದು.

ಗೊತ್ತು, ತೊಟ್ಟು ನೋಡುವಾಸೆ.
ನಿನ್ನಪ್ಪನಿಗೂ ಇತ್ತು:
ಎಡತೋಳಿನ ಈ ಸೀಳು
ಅವನ ಹದಿನಾರನೆಯ ಹುಟ್ಟುಹಬ್ಬ.

ಹೊರಗೆ ತೊಗಲು, ಒಳಗೆ ಉಣ್ಣೆ.
ಒಂದೇ ಕುರಿಯವು, ಆದರೂ
ಇದಕ್ಕೆ ಹಿತವಾದದ್ದು ಅದಕ್ಕೆ ಆಗಿಬರದು.
ಎಣ್ಣೆ ಬಳಿ ಎನ್ನುವವರು ಸಿಗುತ್ತಾರೆ ನಿನಗೆ,
ಬಹಳ ಜನ, ಬಹಳ ಖಾತ್ರಿಯಿಂದ.
ನಿನ್ನಜ್ಜನೂ ಬಳಿದ, ಐವತ್ತೆಂಟರಲ್ಲಿ,
ಕುದುರೆ ಜೀನಿಗೆ ಹಚ್ಚುವ ಎಣ್ಣೆ, ಡಬ್ಬಿ ಪೂರ್ತಿ.
ನೋಡು, ಬೆನ್ನ ಮೇಲೆ ಆ ಕಪ್ಪು ಮಡು.
ಅಕ್ಕರೆಯ ಕಲೆ ಅದು,
ಯಾವ ಸಾಬೂನಿಗೂ ಹೋಗುವುದಿಲ್ಲ.

ಒಣ ಬ್ರಷ್ಷು ಸಾಕು, ಮೆದುವಾದದ್ದು.
ಜಿಪ್ಪಿಗೆ ಮೇಣದಬತ್ತಿಯ ತುಂಡು ಉಜ್ಜು;
ಎಳೆಯಬೇಡ, ಒಲಿಸು.
ಮಾರ್ಚಿಗೊಮ್ಮೆ ನುಸಿ ಹುಡುಕು:
ಕಾಲರಿನ ಬುಡದಲ್ಲಿ, ಬೆಲ್ಟಿನ ಹಿಂದೆ.
(ಕಿಸೆ ಹುಡುಕಬೇಡ, ಇದಕ್ಕೆ ಕಿಸೆಯೇ ಇಲ್ಲ.
ಮೇಲಕ್ಕೆ ಹೋಗುವವರಿಗೆ
ಇಟ್ಟುಕೊಳ್ಳಲು ಏನಿರುತ್ತದೆ ಅಂದುಕೊಂಡರೋ ಏನೋ.)
ಹುಳು ಕಂಡರೆ ಗಾಬರಿಯಾಗಬೇಡ.
ಚೀಲಕ್ಕೆ ಹಾಕಿ, ಬಾಯಿ ಬಿಗಿದು,
ಹದಿನೈದು ದಿನ ಫ್ರೀಜರಿನಲ್ಲಿಡು,
ಬಟಾಣಿ ಪೊಟ್ಟಣಗಳ ಪಕ್ಕ.
ಚಳಿ ಇದಕ್ಕೆ ಹೊಸದಲ್ಲ.
ಇಪ್ಪತ್ತು ಸಾವಿರ ಅಡಿ ಮೇಲೆ, ಬಾಲದ ಗಾಜುಗೂಡಿನಲ್ಲಿ,
ಬಿಟ್ಟ ಉಸಿರು ಹಿಮವಾಗಿ
ಈ ಕಾಲರಿಗೇ ಅಂಟುತ್ತಿತ್ತಂತೆ.

ಹಿಂದಕ್ಕೆ ಮುಖ ಮಾಡಿ ಕೂರುವ ಕೆಲಸ ನಮ್ಮ ಹೆಡ್ಲಿಯದು.
ಎಲ್ಲಿಗೆ ಹೋಗುತ್ತಿದ್ದೇವೆಂದು ಅವನಿಗೆ ಕಾಣುತ್ತಿರಲಿಲ್ಲ,
ದಾಟಿ ಬಂದದ್ದು ಉರಿಯುವುದಷ್ಟೇ ಕಾಣುತ್ತಿತ್ತು.

ಈಗ ಒಳಮೈ ತೆರೆ. ಮೆಲ್ಲಗೆ.
ಎಡಪಕ್ಕೆಯ ಹತ್ತಿರ
ಅಂಗೈಯಗಲ ಉಣ್ಣೆ ಇಲ್ಲ, ಕಂಡಿತೆ?
ನುಸಿ ಇಷ್ಟು ನೇರವಾಗಿ ತಿನ್ನುವುದಿಲ್ಲ.

ನನಗೆ ಹದಿಮೂರು.
ಎರಡು ದಿನದ ರಜೆಗೆ ಬಂದವನು
ಬೂಟು ಸಮೇತ ಸೋಫಾದಲ್ಲಿ ಮಲಗಿಬಿಟ್ಟಿದ್ದ.
ಲಿಂಕನ್‌ಶೈರಿನ ಬಯಲುಗಾಳಿ ಕಿಟಕಿ ಅಲುಗಿಸುತ್ತಿತ್ತು.
ಪಕ್ಕದ ಮನೆಯ ವೈಸ್‌ಮನ್‌ರಿಗೆ
ಮಗನ ಬದಲು ತಂತಿ ಬಂದು ವಾರವಾಗಿತ್ತು,
ಹೂಳಲು ಒಂದು ಗುಂಡಿಯೂ ಸಿಕ್ಕಿರಲಿಲ್ಲ.
ಅಮ್ಮನ ಹೊಲಿಗೆ ಪೆಟ್ಟಿಗೆಯ ಕತ್ತರಿ ತಂದೆ.
ಇವನು ಬಾರದಿದ್ದರೆ
ನಮಗೆ ಇಷ್ಟಾದರೂ ಉಳಿಯಲಿ ಅಂತ.

ಬಂದ. ಪ್ರತಿ ಸಲವೂ ಬಂದ.
ಮದುವೆಯಾದ, ಮೋಟಾರುಸೈಕಲ್ಲಿನಲ್ಲಿ ಇದನ್ನೇ ತೊಟ್ಟು
ಸಕ್ಕರೆ ಕಾರ್ಖಾನೆಗೆ ಹೋದ, ಬೋಳಾದ, ಮುದುಕನಾದ.
ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.
ಕೊನೆಯ ವಾರ, ಆಸ್ಪತ್ರೆಯಲ್ಲಿ,
ಚಹಾ ಕುಡಿಸುತ್ತಿದ್ದೆ, ಅಂದ:
‘ಆ ಜಾಗದಲ್ಲಿ ಚಳಿ ಕೊರೆಯುತ್ತಿತ್ತು, ಮ್ಯೂರಿಯಲ್.
ಇಡೀ ಚಳಿಗಾಲ.
ಒಳ್ಳೆಯದೇ ಆಯಿತು. ಕಣ್ಣು ಮುಚ್ಚಲು ಬಿಡಲಿಲ್ಲ.’
ನಿಜವೋ, ನನ್ನ ಮನಸ್ಸಿಗೆ ಹಚ್ಚಿದ ಎಣ್ಣೆಯೋ,
ಇವತ್ತಿಗೂ ತಿಳಿದಿಲ್ಲ.

ಮ್ಯೂಸಿಯಮ್ಮಿನ ಹುಡುಗಿ ಹೊಸ ಉಣ್ಣೆ ಕೂಡಿಸುತ್ತೇನೆಂದಳು,
ಗುರುತೇ ಸಿಗದ ಹಾಗೆ. ಬೇಡವೆಂದೆ.
ಆ ತುಂಡು ಬಿಸ್ಕತ್ತಿನ ಡಬ್ಬಿಯಲ್ಲಿದೆ,
ಇನ್ನೂ ಬೆಳ್ಳಗೆ;
ಹಾರದೆ ಉಳಿದದ್ದು ಅದೊಂದೇ.
ನೀನೂ ಹೊಲಿಯಬೇಡ. ಪಕ್ಕದಲ್ಲಿಡು ಸಾಕು.

ತೋಳಿನೊಳಗೆ ಬಿಳಿ ಕಾಗದ ತುರುಕು,
ಸುದ್ದಿಪತ್ರಿಕೆ ಬೇಡ, ಮಸಿ ಹತ್ತುತ್ತದೆ.
ಅಟ್ಟಕ್ಕೆ ಏರಿಸಬೇಡ. ಪ್ಲಾಸ್ಟಿಕ್ಕು ಸುತ್ತಬೇಡ,
ಸತ್ತ ಮೇಲೂ ತೊಗಲಿಗೆ ಉಸಿರು ಬೇಕು.
ಅಗಲ ಪೆಟ್ಟಿಗೆ, ಮೇಲೊಂದು ಹತ್ತಿ ಬಟ್ಟೆ.
ಹಾಂ, ಹಾಗೆ.

ದೀಪ ಆರಿಸು.
ಬೆಳಕೂ ತಿನ್ನುತ್ತದೆ.